ಬಲಗಡೆಯ ಧೂಳು

ಅಂತ್ಯಕ್ರಿಯೆ ಮುಗಿದ ಒಂಬತ್ತನೆಯ ದಿನ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ ಉಳಿದಿದ್ದೆವು. ಕೊನೆಯ ನೆಂಟರು ಹಿಂದಿನ ಸಂಜೆ ಹೊರಟಿದ್ದರು. ಬೆಳಿಗ್ಗೆ ಹಾಲು ಬಂತು. ಎಂದಿನಂತೆ ಎರಡು ಪ್ಯಾಕೆಟ್.

“ಒಂದು ಸಾಕು ಅಂತ ಹೇಳ್ಲಾ ಅತ್ತೆ?”

“ಇವತ್ತು ಇರ್ಲಿ ಬಿಡು,” ಅಂದರು.

ಎರಡನ್ನೂ ಕಾಯಿಸಿದೆ. ಮರುದಿನದಿಂದ ನಾನು ಕೆಲಸಕ್ಕೆ ಹೋಗಬೇಕಿತ್ತು. ಇದ್ದದ್ದು ಒಂದು ದಿನ. ಮನೆ ತುಂಬ ಬೇರೆಯವರ ಓಡಾಟದ ಗುರುತು: ಸೋಫಾದ ಕೆಳಗೆ ಯಾರದೋ ಮಗುವಿನ ಕಾಲುಚೀಲ, ಬಚ್ಚಲಿನ ಕನ್ನಡಿಗೆ ಬೆರಳಿನ ಕಲೆ. ಅತ್ತೆ ಅಡುಗೆಮನೆ ಹಿಡಿದರು. ಉಳಿದದ್ದು ನನ್ನದು.

ನನ್ನ ಗಂಡನ ಕೋಣೆಯನ್ನು ಕೊನೆಗೆ ಇಟ್ಟುಕೊಂಡೆ. ಬಾಲ್ಕನಿಯ ಪಕ್ಕದ ಸಣ್ಣ ಕೋಣೆ ಅದು, ನಾವು ಅದನ್ನು ಗ್ಯಾರೇಜು ಎನ್ನುತ್ತಿದ್ದೆವು. ಒಂದು ಮೇಜು, ಒಂದು ಕುರ್ಚಿ, ಬಣ್ಣದ ವಾಸನೆ ಹೊರಗೆಳೆಯಲು ಕಿಟಕಿಗೆ ಕೂರಿಸಿದ ಫ್ಯಾನು. ನಕ್ಷೆ ಕಚೇರಿಯಲ್ಲಿ ದಿನವಿಡೀ ಗೆರೆ ಎಳೆದು ಬಂದವನು ಇಲ್ಲಿ ಕೂತು ಪ್ಲಾಸ್ಟಿಕ್ಕಿನ ಯುದ್ಧದ ಟ್ಯಾಂಕುಗಳನ್ನು ಜೋಡಿಸಿ ಬಣ್ಣ ಹಚ್ಚುತ್ತಿದ್ದ. ಒಂದೊಂದೂ ಒಂದು ಗೇಣು ಉದ್ದ. ನಿಜವಾದದ್ದರ ಮೂವತ್ತೈದನೆಯ ಒಂದು ಪಾಲು ಅಳತೆ ಎಂದು ನನಗೆ ನೂರು ಸಲ ಹೇಳಿದ್ದ. ಅದೇ ನಕ್ಷೆ ಕಚೇರಿಯ ಮೆಟ್ಟಿಲ ಮೇಲೆ ಕುಸಿದವನು ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ವಯಸ್ಸು ಮೂವತ್ತಮೂರು.

ನಾಲ್ಕು ವರ್ಷದ ಸಂಸಾರದಲ್ಲಿ ಅವನು ನನಗೆ ಹಾಕಿದ ನಿಯಮ ಒಂದೇ: ನನ್ನ ಮೇಜು ಒರೆಸಬೇಡ. ಒಮ್ಮೆ ನಾನು ಗುಡಿಸಿದಾಗ ಅಕ್ಕಿಕಾಳಿಗಿಂತ ಸಣ್ಣ ಹಿಡಿಕೆಯೊಂದು ಕಸದ ಜೊತೆ ಹೋಗಿ, ಒಂದು ಗಂಟೆ ಟಾರ್ಚು ಹಿಡಿದು ನೆಲದ ಮೇಲೆ ತೆವಳಿದ್ದ. ನಿಯಮ ಅದಕ್ಕೇ ಎಂದುಕೊಂಡಿದ್ದೆ. “ನಿನ್ನ ಗಾಡಿಗೆ ಸ್ನಾನ ಯಾವಾಗ?” ಎಂದು ಆಗಾಗ ಕೆಣಕುತ್ತಿದ್ದೆ. ನಗುತ್ತಿದ್ದ. ವಿವರಿಸುತ್ತಿರಲಿಲ್ಲ. ವಿವರಿಸಿದ್ದನೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ.

ಆ ದಿನ ಮೇಜಿನ ಮೇಲೆ ಎರಡು ಟ್ಯಾಂಕುಗಳಿದ್ದವು. ಒಂದು ಅರ್ಧ ಕೆಲಸ ಆದದ್ದು. ಇನ್ನೊಂದು ಹಳೆಯದು, ಮೈಯೆಲ್ಲ ಬಿಳಿಚಿದ ಧೂಳು, ಚಕ್ರಗಳಲ್ಲಿ ಒಣಗಿದ ಮಣ್ಣು. ಒಂಬತ್ತು ದಿನ ಯಾರೂ ಮುಟ್ಟದೆ ಹೀಗಾಗಿದೆ ಎನಿಸಿತು. ನನಗೆ ನಾಚಿಕೆಯಾಯಿತು.

ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ತೊಳೆದೆ. ಬೆಚ್ಚಗಿನ ನೀರು, ಪಾತ್ರೆಯ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು. ಒಂದೊಂದು ಚಕ್ರವನ್ನೂ ಬಿಡಿಬಿಡಿಯಾಗಿ ಉಜ್ಜಿದೆ. ಒಂದು ಹಿಡಿಕೆಯೂ ಮುರಿಯದಂತೆ ನೋಡಿಕೊಂಡೆ. ಕಂದು ನೀರು ಸುತ್ತಿಕೊಂಡು ಇಳಿದು ಹೋಯಿತು. ಒಂಬತ್ತು ದಿನಗಳಲ್ಲಿ ನಾನು ಪೂರ್ತಿ ಮಾಡಿ ಮುಗಿಸಿದ ಮೊದಲ ಕೆಲಸ ಅದು. ಒಣಬಟ್ಟೆಯಿಂದ ಒತ್ತಿ, ಕಿಟಕಿಯ ಬಿಸಿಲಿಗೆ ಇಟ್ಟೆ. ಹಸಿರು ಬಣ್ಣ ಎದ್ದು ಕಂಡಿತು.

“ಹೊಸದರ ಹಾಗಾಯ್ತು ನೋಡು,” ಅಂದರು ಅತ್ತೆ. “ಅವನಿದ್ದಿದ್ರೆ ಖುಷಿಪಡ್ತಿದ್ದ.”

ಮಧ್ಯಾಹ್ನ ಫೋನ್ ಬಂತು. ಡ್ರೈವರ್. ಅವನ ಹಾಗೆ ಮಾಡೆಲ್ ಜೋಡಿಸುವ ಗೆಳೆಯರ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರೂ ಅವರನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು. ಹಿಂದೆ ಸೈನ್ಯದಲ್ಲಿ ನಿಜವಾದ ಟ್ಯಾಂಕನ್ನೇ ಓಡಿಸಿದವರು. ಅಂತ್ಯಕ್ರಿಯೆಯ ದಿನ ಗೇಟಿನ ಹೊರಗೇ ಒಂದು ಗಂಟೆ ನಿಂತಿದ್ದು ಹೋಗಿದ್ದರು.

“ತಾಯಿ, ಇಂಥ ಹೊತ್ತಲ್ಲಿ ಕೇಳ್ಬಾರದು. ನನ್ನ ಗಾಡಿ ಅವನ ಹತ್ರ ಇದೆ. ಭಾನುವಾರ ಲೈಬ್ರರಿ ಹಾಲಲ್ಲಿ ನಮ್ಮವರ ಪ್ರದರ್ಶನ. ಪ್ರತಿ ವರ್ಷ ಅದನ್ನ ಇಡ್ತೀನಿ.”

“ಯಾವ ಗಾಡಿ?”

“ಹಳೇದು. ಕೆಸರು, ಧೂಳು ಇರೋದು. ಅದನ್ನ ನೋಡ್ಕೊಂಡು ಅವನೂ ಒಂದು ಮಾಡ್ತೀನಿ ಅಂತ ಒಯ್ದಿದ್ದ. ನಂಗೆ ಆ ಧೂಳು ಕೂರಿಸೋಕೆ ನಲವತ್ತು ದಿನ ಹಿಡೀತು. ಈಗ ಕೈ ನಡುಗುತ್ತೆ, ಇನ್ನೊಂದು ಆಗಲ್ಲ. ಅದಕ್ಕೇ ಹೇಳ್ತಿದೀನಿ, ತರೋವಾಗ ಮೇಲೆ ಬಟ್ಟೆ ಸುತ್ತಬೇಡ. ಧೂಳು ಬಟ್ಟೆಗೆ ಹೋಗ್ಬಿಡುತ್ತೆ.”

ಬಿಸಿಲಿನಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಟ್ಯಾಂಕನ್ನು ನೋಡಿದೆ.

“ಸರಿ,” ಅಂದೆ. “ಶನಿವಾರ ತಂದುಕೊಡ್ತೀನಿ.”

ಅದು ಮಂಗಳವಾರ.

ನನ್ನ ಕೆಲಸ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ. ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಕಣ್ಣುಮುಚ್ಚಿ ಬೆರಳಲ್ಲಿ ಉಜ್ಜಿ ಜೇಡಿ ಎಷ್ಟು, ಮರಳು ಎಷ್ಟು ಹೇಳಬಲ್ಲೆ. ಆದರೆ ನನ್ನ ಗಂಡ ದಿನವೂ ಕೂತು ನೋಡುತ್ತಿದ್ದ ಮಣ್ಣನ್ನು ಕೊಳೆ ಎಂದುಕೊಂಡೆ.

ಅತ್ತೆಗೆ ಹೇಳಿದೆ. ಅವರು ಸಿಂಕಿನ ಕಡೆ ನೋಡಿದರು.

“ಅಂದ್ರೆ ಅದು ಬೇಕೂಂತ ಮಾಡಿದ ಕೊಳೇನಾ?”

“ಹೂಂ.”

“ನಲವತ್ತು ದಿನ?”

“ಹೂಂ ಅತ್ತೆ.”

“ಮಣ್ಣು ಮಣ್ಣೇ ತಾನೇ. ಕುಂಡದಿಂದ ಒಂದು ಹಿಡಿ ತೆಗೆದು ಹಚ್ಚಿಕೊಡು.”

ಮೊದಲು ಬೇಕಿದ್ದದ್ದು ಅದು ಹೇಗಿತ್ತು ಎನ್ನುವುದು. ಅವನ ಫೋನಿನಲ್ಲಿ ಖಂಡಿತ ಫೋಟೋಗಳಿದ್ದವು. ಫೋನು ಅವನ ಬೆರಳಿಗೆ ಮಾತ್ರ ತೆರೆಯುತ್ತಿತ್ತು, ಇಲ್ಲವೇ ಆರು ಅಂಕಿ ಬೇಕು. ಅವನ ಹುಟ್ಟಿದ ದಿನ ಒತ್ತಿದೆ. ನನ್ನದು. ಮದುವೆಯದು. ಅತ್ತೆಯದು. ಟ್ಯಾಂಕಿನ ಮೇಲೆ ಬರೆದಿದ್ದ ನಂಬರನ್ನೂ ಒತ್ತಿದೆ. ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ ಎಂದಿತು ಫೋನು. ಅರ್ಧ ಗಂಟೆ ಬಿಟ್ಟು ಒತ್ತಲು ನನ್ನ ಬಳಿ ಬೇರೆ ಅಂಕಿಯೇ ಇರಲಿಲ್ಲ. ಆರು ಅಂಕಿಯಷ್ಟೂ ನನಗೆ ಅವನು ಗೊತ್ತಿರಲಿಲ್ಲ.

ಮೇಜಿನ ಖಾನೆಯಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಅವನ ಕೈಬರಹ, ನಕ್ಷೆಯ ಅಕ್ಷರಗಳ ಹಾಗೆ ನೆಟ್ಟಗೆ.

*ಎಡ: ಕೆಸರು, ಮೂರು ಪದರ. ಕೆಳಗಿನದು ಕಪ್ಪು, ಒದ್ದೆ. ನಡುವಿನದು ಅರ್ಧ ಒಣಗಿದ್ದು. ಮೇಲಿನದು ತೆಳು, ಬಿರುಕು ಬಿಟ್ಟದ್ದು. ಥಿನ್ನರ್‌ನಲ್ಲಿ ಕೂರಿಸಬೇಕು. ಅಂಟು ಬೇಡ.*

*ಬಲ: ಧೂಳು ಮಾತ್ರ. ಒಂದೇ ಒಂದು ಕಡೆ ಧೂಳಿಲ್ಲ. ಒರೆಸಿದ ಹಾಗಿದೆ, ಬೇಕೆಂದೇ. ಯಾಕೆ ಅಂತ ಡ್ರೈವರ್ ಹೇಳಲ್ಲ. ಮತ್ತೆ ಕೇಳಬೇಕು.*

ಅಷ್ಟೇ. ಎಲ್ಲಿ ಎಂದು ಬರೆದಿರಲಿಲ್ಲ. ಎದುರಿಗೇ ಟ್ಯಾಂಕು ಇರುವಾಗ ಬರೆಯುವುದೇಕೆ?

ಅವನದೇ ಟ್ಯಾಂಕನ್ನು ದೀಪದ ಕೆಳಗೆ ತಿರುಗಿಸಿದೆ. ಎಡಭಾಗ ಪೂರ್ತಿ ಮುಗಿದಿತ್ತು. ಮೂರು ಪದರದ ಕೆಸರು, ಕಪ್ಪಿನಿಂದ ಬೂದಿಗೆ ತಿರುಗಿ ಬಿರುಕು ಬಿಟ್ಟಿತ್ತು. ಬಲಭಾಗ ಬರೀ ಹಸಿರು. ಹಾಗಾಗಿ ಡ್ರೈವರ್ ಮಾಡಿದ್ದ ಕೆಸರಿಗೆ ಈಗ ಉಳಿದಿದ್ದ ಸಾಕ್ಷಿ ನನ್ನ ಗಂಡ ಮಾಡಿದ ನಕಲು. ಧೂಳಿಗೆ ಸಾಕ್ಷಿಯೇ ಇಲ್ಲ.

ಆ ಕೆಸರಿನ ಹಿಂಬದಿಯ ಮೂಲೆಯಲ್ಲಿ, ಹಿಡಿದುಕೊಂಡಾಗ ಅರಿವಿಲ್ಲದೆ ಒತ್ತಿರಬೇಕು, ಒಂದು ಬೆರಳಚ್ಚು ಮೂಡಿತ್ತು. ಗೆರೆಗಳು ಸ್ಪಷ್ಟವಾಗಿದ್ದವು. ಫೋನು ಕೇಳುತ್ತಿದ್ದ ಬೆರಳು ಇದೇ ಇರಬೇಕು. ನೋಡಿದೆ. ಏನೂ ಮಾಡುವಂತಿರಲಿಲ್ಲ. ಕೆಳಗಿಟ್ಟೆ.

ಶೆಲ್ಫಿನಲ್ಲಿ ಸಣ್ಣ ಡಬ್ಬಿಗಳಲ್ಲಿ ಬಣ್ಣದ ಪುಡಿಗಳಿದ್ದವು. ತೆಳು ಧೂಳಿನ ಬಣ್ಣದ್ದು ಅರ್ಧ ಉಳಿದಿತ್ತು. ಕೆಸರಿನವು ಮೂರೂ ಖಾಲಿ, ಅವನೇ ಬಳಸಿ ಮುಗಿಸಿದ್ದ. ಅಂಗಡಿಯಿಂದ ತರಿಸಲು ಹತ್ತು ದಿನ ಬೇಕು ಎಂದರು.

ಬುಧವಾರ ಬೆಳಿಗ್ಗೆ ಕುಂಡದ ಮಣ್ಣನ್ನೇ ಒಂದಿಷ್ಟು ಹಚ್ಚಿ ನೋಡಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದರು.

“ಕೆಸರಲ್ಲ ಇದು, ಕಲ್ಲುಬಂಡೆ ಬಿದ್ದ ಹಾಗಿದೆ.”

ಅವರ ಮಾತು ಸರಿಯಾಗಿತ್ತು. ಒಂದು ಮಿಲಿಮೀಟರಿನ ಮರಳಿನ ಕಣ ಆ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿ. ಲೆಕ್ಕ ನನಗೇ ಹೊಳೆಯಬೇಕಿತ್ತು. ಉದುರಿಸಿ, ಬ್ರಷ್ಷಿನಿಂದ ತೆಗೆದೆ.

ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋದೆ. ನನ್ನ ಮೇಜಿನ ಬಳಿ ಬಂದವರು ಮಾತು ತಗ್ಗಿಸಿ ಆಡಿದರು, ಬೇಗ ಹೋದರು. ಅನುಕೂಲವೇ ಆಯಿತು. ಒಣಗಿಸಿ, ಪಿಂಗಾಣಿ ಒರಳಿನಲ್ಲಿ ಅರೆದು, ಎಲ್ಲಕ್ಕಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದೆ. ನಲವತ್ತೈದು ಮೈಕ್ರಾನ್. ಹಿಟ್ಟಿಗಿಂತ ನುಣ್ಣಗೆ ಬಂತು.

ನಮ್ಮ ಅಟೆಂಡರ್ ಹಿಂದೆ ನಿಂತು ನೋಡುತ್ತಿದ್ದ. ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ, ಎಲ್ಲ ಸ್ಯಾಂಪಲ್ಲಿಗೂ ನಂಬರ್ ಹಾಕುವುದು ಅವನ ಕೆಲಸ.

“ಮೇಡಂ, ಇದು ಯಾರ ಹೊಲದ್ದು?”

“ನಮ್ಮ ಮನೆಯದ್ದು.”

“ನಂಬರ್ ಹಾಕ್ಲಾ?”

“ಬೇಡ.”

“ರಿಪೋರ್ಟ್ ಏನೂಂತ ಬರೀಲಿ?”

“ಬರೀಬೇಡಿ. ಇದು ಟ್ಯಾಂಕಿಗೆ.”

“ಟ್ಯಾಂಕು ಸೋರ್ತಿದ್ಯಾ? ಮಣ್ಣು ನಿಲ್ಲಲ್ಲ ಮೇಡಂ, ಸಿಮೆಂಟೇ ಬೇಕು,” ಎಂದು ಮರುಕದಿಂದ ಹೇಳಿ ಹೋದ. ತಿದ್ದಲು ನನಗೆ ಶಕ್ತಿ ಇರಲಿಲ್ಲ.

ಮಣ್ಣಿನ ಬಣ್ಣ ಹೋಲಿಸುವ ಪುಸ್ತಕವನ್ನು ಮನೆಗೆ ತಂದೆ. ನೂರಾರು ಬಣ್ಣದ ಚೌಕಗಳು, ಪ್ರತಿ ಚೌಕಕ್ಕೂ ಒಂದು ರಂಧ್ರ. ರಂಧ್ರದ ಕೆಳಗೆ ಅವನ ಟ್ಯಾಂಕಿನ ಕೆಸರು ಹಿಡಿದು ಮೂರೂ ಪದರಗಳ ಬಣ್ಣ ಗುರುತಿಸಿದೆ. ಕುಂಡದ ಮಣ್ಣಿಗೆ ಇದ್ದಿಲ ಪುಡಿ ಸೇರಿಸಿ ಒಂದು, ಲ್ಯಾಬಿನಲ್ಲಿ ಎಸೆಯಬೇಕಿದ್ದ ಹಳೆಯ ಸ್ಯಾಂಪಲ್ಲಿನಿಂದ ಇನ್ನೆರಡು. ಬಣ್ಣ ತಾಳೆಯಾಯಿತು. ನನಗೆ ಗೊತ್ತಿದ್ದ ಕೆಲಸ ಅಲ್ಲಿಗೆ ಮುಗಿಯಿತು.

ಗುರುವಾರ ಅದನ್ನು ಕೂರಿಸಲು ಹೋದೆ. ಒಣ ಪುಡಿ ನಿಲ್ಲಲಿಲ್ಲ, ಉಸಿರು ತಾಗಿದರೂ ಉದುರಿತು. ಅಂಟು ಬೇಡ ಎಂದು ಅವನು ಬರೆದಿದ್ದ. ಆದರೂ ಮೇಜಿನ ಮೇಲೆ ಬಿಳಿ ಅಂಟು ಇತ್ತು, ಅವನ ಬಾಟಲಿಗಳಲ್ಲಿ ಬಣ್ಣ ತೆಳುಮಾಡುವ ಥಿನ್ನರ್ ಯಾವುದೆಂದು ತಿಳಿಯಲಿಲ್ಲ, ನೀರು ಬೆರೆಸಿದರೆ ಏನಾದೀತು ಎಂದು ಹಚ್ಚಿಬಿಟ್ಟೆ. ಹಚ್ಚುವಾಗ ಚೆನ್ನಾಗಿತ್ತು. ಸಂಜೆ ಬಂದು ನೋಡಿದರೆ ಕೆಸರಿನ ಮೇಲೆ ಹೊಳೆಯುವ ತೊಗಲು. ಬಸವನಹುಳು ಹರಿದು ಹೋದ ಹಾಗೆ.

ಮತ್ತೆ ಬೆಚ್ಚಗಿನ ನೀರು. ಮತ್ತೆ ಬ್ರಷ್ಷು. ಈ ಸಲ ಉಗುರಿನಿಂದಲೂ ಕೆರೆಯಬೇಕಾಯಿತು. ಎರಡನೆಯ ಸಲ ಅದೇ ಸಿಂಕಿನ ಮುಂದೆ ನಿಂತಾಗ ಅತ್ತೆ ಬಾಗಿಲಿಗೆ ಒರಗಿದರು.

“ಲೋಕದಲ್ಲಿ ಜನ ಕೊಳೆ ಹೋಗ್ಸೋಕೆ ಒದ್ದಾಡ್ತಾರೆ. ನೀನು ಹತ್ತಿಸೋಕೆ ಒದ್ದಾಡ್ತಿದೀಯಲ್ಲೇ.”

ಚಕ್ರದ ಸಂದಿಯಲ್ಲಿ ಅಂಟು ಬಿಡುತ್ತಿರಲಿಲ್ಲ.

“ಅವರಿಗೆ ಫೋನ್ ಮಾಡಿ ಹೀಗಾಯ್ತು ಅಂತ ಹೇಳಿಬಿಡು. ಹೊಡೀತಾರಾ?”

“ಹೊಡೆದ್ರೆ ಪರವಾಗಿಲ್ಲ.”

“ಮತ್ತೆ?”

“ಅವರಿಗೆ ಇನ್ನೊಂದು ಮಾಡೋಕೆ ಆಗಲ್ಲ ಅತ್ತೆ. ಕೈ ನಡುಗುತ್ತಂತೆ.”

ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಸೂಜಿ ತಂದು ಕೊಟ್ಟರು. ಸಂದಿಯ ಅಂಟು ಸೂಜಿಗೆ ಬಿಟ್ಟಿತು.

ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಅವನ ಬಾಟಲಿಗಳನ್ನು ಸಾಲಾಗಿ ಇಟ್ಟೆ. ಐದು. ಎಲ್ಲವೂ ಹಳೆಯ ಔಷಧಿ ಬಾಟಲಿಗಳು, ಎಲ್ಲದರಲ್ಲೂ ನೀರಿನಂಥ ದ್ರವ, ಒಂದಕ್ಕೂ ಚೀಟಿ ಇಲ್ಲ. ಕಿಟಕಿಯ ಬಳಿ ಡಬ್ಬಿಯೊಂದರಲ್ಲಿ ಪ್ಲಾಸ್ಟಿಕ್ ಚಮಚಗಳಿದ್ದವು, ಪ್ರತಿಯೊಂದಕ್ಕೂ ಟ್ಯಾಂಕಿನ ಹಸಿರು ಬಳಿದಿತ್ತು. ಅವನು ಯಾವುದನ್ನೂ ಮೊದಲು ಚಮಚದ ಮೇಲೆ ಪರೀಕ್ಷಿಸುತ್ತಿದ್ದ. ಮೊದಲ ಬಾಟಲಿಯಿಂದ ಒಂದು ಹನಿ ಹಾಕಿದೆ. ಹಸಿರು ಬಣ್ಣ ಗುಳ್ಳೆಯೆದ್ದು ಸುಲಿದು ಬಂತು.

ಹಿಂದಿನ ದಿನ ಇದನ್ನೇ ನೇರವಾಗಿ ಗಾಡಿಗೆ ಹಾಕಲು ಕೈ ಚಾಚಿದ್ದೆ. ಯಾಕೋ ಅಂಟು ಎತ್ತಿಕೊಂಡಿದ್ದೆ.

ಲ್ಯಾಬಿನಲ್ಲಿ ಚೀಟಿಯಿಲ್ಲದ ಬಾಟಲಿ ಇಟ್ಟವರಿಗೆ ನಾನು ಬೈಯುವವಳು. ಮನೆಯಲ್ಲಿ ಐದಿದ್ದವು, ನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿ.

“ಒಂದು ಚೀಟಿ ಅಂಟಿಸೋಕೆ ಏನಾಗಿತ್ತು ನಿಂಗೆ?” ಖಾಲಿ ಕುರ್ಚಿಯನ್ನು ಕೇಳಿದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. “ಎಲ್ಲಿ ಧೂಳಿಲ್ಲ ಅಂತ ಒಂದು ಸಾಲು ಬರೆಯೋಕೆ ಏನಾಗಿತ್ತು? ಇದು ಕೊಳೆ ಅಲ್ಲ ಕಣೇ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

ತಿರುಗಿ ನೋಡಿದರೆ ಅತ್ತೆ ನಿಂತಿದ್ದರು. ಸತ್ತ ಮಗನಿಗೆ ಬೈಯುವುದನ್ನು ಕೇಳಿಸಿಕೊಂಡ ಮುಖ. ನಾನು ಕ್ಷಮೆ ಕೇಳುವ ಮೊದಲೇ ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂತರು.

“ಚಿಕ್ಕವನಿದ್ದಾಗಿಂದ ಹಾಗೇ. ಎಲ್ಲ ತನಗೆ ಗೊತ್ತು ಅಂದ್ರೆ ಲೋಕಕ್ಕೂ ಗೊತ್ತು ಅಂದ್ಕೊಳ್ತಿದ್ದ. ಬೈಯಿ. ನಾನೂ ದಿನಾ ಬೈತೀನಿ.” ಚಮಚಗಳ ಡಬ್ಬಿ ಕಣ್ಣಿಗೆ ಬಿತ್ತು. “ನನ್ನ ಚಮಚಗಳೆಲ್ಲ ಇಲ್ಲಿದಾವಾ? ಕೆಲಸದವಳ ಮೇಲೆ ಅನುಮಾನ ಪಟ್ಟಿದ್ನಲ್ಲೇ.”

ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಅವರ ಮೂಗಿನ ಮೇಲೆ ನನಗಿಂತ ನಂಬಿಕೆ ಇಡಬಹುದಿತ್ತು.

“ಇದು ಉಗುರುಬಣ್ಣ ತೆಗೆಯೋದರ ವಾಸನೆ. ಇದೂ ಅದೇ. ಇದು ಬರೀ ನೀರು. ಇದು ಸ್ಪಿರಿಟ್ಟು. ಇದು ನೋಡು, ಸೀಮೆಎಣ್ಣೆ ಥರ. ಇದನ್ನ ಹಾಕು.”

ಚಮಚಕ್ಕೆ ಹಾಕಿದೆ. ಬಣ್ಣಕ್ಕೆ ಏನೂ ಆಗಲಿಲ್ಲ. ಪುಡಿ ಉದುರಿಸಿ ಅದರ ಅಂಚಿಗೆ ಬ್ರಷ್ಷಿನ ತುದಿ ತಾಗಿಸಿದೆ. ದ್ರವ ತಾನಾಗಿ ಪುಡಿಯೊಳಗೆ ಹರಿಯಿತು, ಕಪ್ಪಾಯಿತು. ಕಾದೆವು. ಒಣಗಿ ತೆಳುವಾಯಿತು. ಹೊಳಪಿಲ್ಲ. ಬೆರಳಿಟ್ಟೆ, ಉದುರಲಿಲ್ಲ.

ಅತ್ತೆ ಐದು ಚೀಟಿ ಹರಿದು ಬಾಟಲಿಗಳಿಗೆ ಅಂಟಿಸಿದರು. ಐದನೆಯದರ ಮೇಲೆ ‘ಇದು’ ಎಂದು ಬರೆದರು.

ಆ ಬೆಳಿಗ್ಗೆ ಮತ್ತು ಶನಿವಾರ ನಸುಕಿನಲ್ಲೇ ಎದ್ದು ಎಡಭಾಗದ ಕೆಸರು ಕೂರಿಸಿದೆ. ಪಕ್ಕದಲ್ಲಿ ಅವನ ಟ್ಯಾಂಕು ಇಟ್ಟುಕೊಂಡು, ಒಂದೊಂದು ಚಕ್ರ ನೋಡಿ ಒಂದೊಂದು ಚಕ್ರ. ಅವನು ಎಲ್ಲಿ ಅವಸರಪಟ್ಟಿದ್ದ, ಎಲ್ಲಿ ಬೇಸರಪಟ್ಟು ಎದ್ದು ಹೋಗಿ ಮತ್ತೆ ಬಂದಿದ್ದ ಎನ್ನುವುದು ಪದರಗಳಲ್ಲಿ ಕಾಣುತ್ತಿತ್ತು. ನಾಲ್ಕನೆಯ ಚಕ್ರದ ಮೇಲೆ ಬಿರುಕು ಅತಿಯಾಗಿತ್ತು, ಅಲ್ಲಿ ಅವನು ಫ್ಯಾನು ಹಾಕಿ ಒಣಗಿಸಿರಬೇಕು. ನಾನೂ ಹಾಗೇ ಮಾಡಿದೆ. ಬೆರಳಚ್ಚಿನ ಜಾಗವನ್ನು ಮಾತ್ರ ನಕಲು ಮಾಡಲಿಲ್ಲ.

ಬಲಭಾಗ ಉಳಿಯಿತು.

ಅತ್ತೆ ಹೇಳಿದರು, “ವಯಸ್ಸಾದವರು. ಕಣ್ಣು ಎಷ್ಟು ಕಾಣುತ್ತೆ? ಧೂಳು ಹಾಕಿ ಎಲ್ಲೋ ಒಂದು ಕಡೆ ಒರೆಸಿ ಕೊಡು.”

ಮಾಡಿದೆ. ಧೂಳು ಹಾಕಿ, ಹತ್ತಿ ಸುತ್ತಿದ ಕಡ್ಡಿಯಿಂದ ನಡುವೆ ಒಂದು ಕಡೆ ಒರೆಸಿದೆ. ಯಾರೋ ಕೈತಪ್ಪಿ ತಾಗಿಸಿದ ಹಾಗೆ ಕಂಡಿತು. ಇನ್ನೊಂದು ಕಡೆ ಒರೆಸಿದೆ. ಅದೂ ಹಾಗೇ. ಎಲ್ಲಿ ಒರೆಸಿದರೂ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಎಲ್ಲವನ್ನೂ ಊದಿಬಿಟ್ಟೆ. ಎಂಟು ಗಂಟೆಗೆ ಶುರು ಮಾಡಿದ್ದು ಹನ್ನೊಂದಕ್ಕೆ ಮತ್ತೆ ಬರೀ ಹಸಿರು.

ಹಾಗೇ ರಟ್ಟಿನ ಡಬ್ಬಿಗೆ ಇಳಿಸಿದೆ. ಧೂಳಿನ ಪುಡಿಯ ಡಬ್ಬಿ, ಮೆತ್ತನೆಯ ಬ್ರಷ್ಷು ಎರಡನ್ನೂ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪ್ರತಿ ಗುಂಡಿಗೂ ಅದನ್ನು ಎತ್ತಿ ಹಿಡಿದೆ.

ಡ್ರೈವರ್ ಇದ್ದದ್ದು ನೆಲಮಹಡಿಯ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಶೆಲ್ಫು, ಅದರಲ್ಲಿ ಇಪ್ಪತ್ತು ಇಪ್ಪತ್ತೈದು ಗಾಡಿಗಳು, ಎಲ್ಲವೂ ಕೊಳೆಯಾಗಿದ್ದವು. ನಡುವೆ ಒಂದು ಗೇಣಿನಷ್ಟು ಜಾಗ ಖಾಲಿ. ಶೆಲ್ಫಿನ ಅಂಚಿಗೆ ದಪ್ಪ ಅಕ್ಷರದ ಚೀಟಿ: ಧೂಳು ಒರೆಸಬಾರದು.

“ಸೊಸೆಗೆ ಬರೆದಿದ್ದು,” ಅಂದರು, ನಾನು ಅದನ್ನೇ ನೋಡುತ್ತಿದ್ದುದು ಕಂಡು. “ಮದುವೆಯಾಗಿ ಬಂದ ವಾರದಲ್ಲೇ ಒಂದು ಜೀಪು ತೊಳೆದುಬಿಟ್ಟಿದ್ದಳು. ಕೂತ್ಕೋ ತಾಯಿ.”

ನಾನು ಕೂರಲಿಲ್ಲ. ಡಬ್ಬಿ ತೆರೆದು ಟ್ಯಾಂಕನ್ನು ಮೇಜಿನ ಮೇಲಿಟ್ಟೆ, ಎಡಭಾಗ ಅವರ ಕಡೆಗೆ. ಅವರು ಭೂತಗನ್ನಡಿ ಎತ್ತಿಕೊಂಡರು. ಕೈ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದರು. ಬಹಳ ಹೊತ್ತು ನೋಡಿದರು.

“ಇದು ನನ್ನ ಕೆಸರಲ್ಲ.”

ಅವರು ಟ್ಯಾಂಕನ್ನು ತಿರುಗಿಸಿದರು. ಬಲಭಾಗ ಕಂಡಿತು.

“ತೊಳೆದೆಯಾ?”

“ತೊಳೆದೆ.”

“ಸೋಪು?”

“ಪಾತ್ರೆದು.”

“ಬಿಸಿ ನೀರಾ?”

“ಬೆಚ್ಚಗಿತ್ತು.”

ಭೂತಗನ್ನಡಿ ಕೆಳಗಿಟ್ಟರು. “ಏನು ಓದಿದೀಯ ನೀನು?”

“ಮಣ್ಣು ವಿಜ್ಞಾನ. ಎಂ.ಎಸ್ಸಿ.”

ಅವರಿಗೆ ಕೆಮ್ಮು ಬಂತು. ಆಮೇಲೆ ತಿಳಿಯಿತು, ನಗು. ಅದು ಬೇಗ ನಿಂತಿತು.

“ನಲವತ್ತು ದಿನ,” ಅಂದರು. ನನ್ನ ಕಡೆ ನೋಡದೆ ಅಂದರು. “ಸಿಟ್ಟು ಬರ್ತಿದೆ ತಾಯಿ. ನಿನ್ನ ಪರಿಸ್ಥಿತಿ ನೋಡಿ ಬೈಯೋಕೂ ಆಗ್ತಿಲ್ಲ. ಅದಕ್ಕೆ ಇನ್ನೂ ಸಿಟ್ಟು.”

“ಬೈಯಿರಿ.”

“ಕೆಸರು ಯಾರು ಮಾಡಿದ್ದು?”

“ನಾನೇ. ಅವನು ಮಾಡಿದ್ದನ್ನ ನೋಡ್ಕೊಂಡು.”

ಮತ್ತೆ ಎಡಭಾಗ ನೋಡಿದರು. “ನಾಲ್ಕನೇ ಚಕ್ರದ ಹತ್ರ ಫ್ಯಾನ್ ಹಾಕಿದ್ಯಾ?”

“ಹೂಂ. ಅವನೂ ಹಾಕಿದ್ದ.”

“ಕತ್ತೆಗಳು,” ಅಂದರು. “ಬಲಗಡೆ ಯಾಕೆ ಬಿಟ್ಟೆ?”

“ಒಂದು ಕಡೆ ಧೂಳಿಲ್ಲ ಅಂತ ಬರೆದಿದ್ದಾನೆ. ಎಲ್ಲಿ ಅಂತ ಬರೆದಿಲ್ಲ. ಎಲ್ಲೋ ಒಂದು ಕಡೆ ಒರೆಸಿ ತರೋಣ ಅಂತ ನೋಡಿದೆ. ಮೂರು ಗಂಟೆ ಮಾಡಿದೆ. ಆಗ್ಲಿಲ್ಲ.”

ಅವರು ಎದ್ದು ಕಿಟಕಿಯ ಪರದೆ ಸರಿಸಿದರು. ಮೇಜಿನ ಮೇಲೆ ಬೆಳಕು ಬಿತ್ತು.

“ಅವನೂ ನಾಲ್ಕು ಸಲ ಕೇಳಿದ. ನಾನು ಹೇಳ್ಲಿಲ್ಲ. ಗಾಡಿ ವಾಪಸ್ ತಂದಾಗ ಹೇಳ್ತೀನಿ ಅಂದಿದ್ದೆ.” ಮತ್ತೆ ಬಂದು ಕೂತರು. “ಸೈನ್ಯದಲ್ಲಿದ್ದಾಗ ನಮ್ಮ ಗಾಡೀಲಿ ರೇಡಿಯೋ ನೋಡ್ಕೊಳ್ಳೋ ಹುಡುಗ ಒಬ್ಬ ಇದ್ದ. ನನ್ನ ವಯಸ್ಸಿನವನೇ. ಗಾಡಿ ನಿಂತ್ರೆ ಸಾಕು, ಹೊರಗೆ ಬಂದು ಬಲಗಡೆ ಅಂಚಲ್ಲಿ ಕಾಲು ಇಳಿಬಿಟ್ಟು ಕೂರ್ತಿದ್ದ. ದಿನಾ ಅದೇ ಜಾಗ. ಗಾಡಿಯ ಧೂಳೆಲ್ಲ ಅವನ ಪ್ಯಾಂಟಿಗೆ. ನಾನು ಬೈತಿದ್ದೆ. ಆಮೇಲೆ ಅವನು ಹೋದ. ಎರಡು ದಿನ ಆ ಗಾಡಿ ಓಡಿಸಿದೀನಿ, ಆ ಜಾಗ ಹಾಗೇ ಇತ್ತು. ಮೂರನೇ ದಿನ ಅಲ್ಲೂ ಧೂಳು ಕೂತ್ಕೊಂಡ್ತು. ಎಲ್ಲ ಒಂದೇ ಥರ ಆಗೋಯ್ತು.” ಟ್ಯಾಂಕಿನ ಮೇಲೆ ಬೆರಳಿಟ್ಟರು. “ನಾನು ಮಾಡಿದ್ದು ಎರಡನೇ ದಿನದ್ದು.”

ಹೊರಗೆ ಯಾರೋ ಸೈಕಲ್ ನಿಲ್ಲಿಸುವ ಸದ್ದಾಯಿತು.

“ಪುಡಿ ತಂದಿದೀಯಾ?”

ತೆಗೆದಿಟ್ಟೆ. ಬ್ರಷ್ಷನ್ನು ಅವರ ಕಡೆ ಚಾಚಿದೆ. ಅವರು ತಮ್ಮ ಕೈ ಎತ್ತಿ ತೋರಿಸಿದರು.

“ನೀನೇ ಹಾಕು. ನಾನು ಹೇಳ್ತೀನಿ.”

ಕೂತೆ. “ಅದ್ದಬೇಡ, ಬರೀ ತಾಗ್ಸು. ಈಗ ಬೆರಳಿಂದ ಬ್ರಷ್ಷಿಗೆ ತಟ್ಟು. ಮೇಲಿಂದ. ಅಷ್ಟು ಹತ್ರ ಬೇಡ. ಊದಬೇಡ, ಊದಬೇಡ. ಉಸಿರು ಆ ಕಡೆ ಬಿಡು. ಅಡುಗೆಗೆ ಉಪ್ಪು ಹಾಕ್ತಿದೀಯಾ? ನಿಧಾನ.” ಧೂಳು ಇಳಿಯಿತು. ಹಸಿರು ಮಾಸಿತು. ಒಂದು ಕಡೆ ಹೆಚ್ಚಾಯಿತು, ಬೈದರು. ಇನ್ನೊಂದು ಕಡೆ ಕಡಿಮೆಯಾಯಿತು, ಅದಕ್ಕೂ ಬೈದರು. ಅರ್ಧ ಗಂಟೆಯಾದ ಮೇಲೆ, “ಸಾಕು, ಕೈ ತೆಗಿ,” ಅಂದರು.

ಬಲಗೈ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡರು. ಅದು ಟ್ಯಾಂಕಿನ ಹತ್ತಿರ ಬಂದಾಗ ಇನ್ನೂ ಹೆಚ್ಚು ನಡುಗಿತು. ನಾನು ಮಣಿಕಟ್ಟು ಹಿಡಿಯಲು ಹೋದೆ. ತಲೆಯಾಡಿಸಿ ಬೇಡವೆಂದರು. ಹಿಂಬದಿಯಿಂದ ಎರಡು ಬೆರಳು ಈಚೆ, ಅಂಚಿನ ಮೇಲೆ, ಹೆಬ್ಬೆರಳನ್ನು ಊರಿ ಹೊರಗೆ ಎಳೆದರು. ತೆಗೆದಾಗ ಅಲ್ಲಿ ಹಸಿರು ಕಂಡಿತು. ಅಂಚುಗಳು ಮಸುಕಾಗಿದ್ದವು.

ನಾನು ಬೆಳಿಗ್ಗೆ ಒರೆಸಿದ್ದ ಎರಡೂ ಜಾಗಗಳು ಇದಲ್ಲ. ಎರಡೂ ಇದರಿಂದ ಬಹಳ ದೂರ.

ಭೂತಗನ್ನಡಿಯಲ್ಲಿ ನೋಡಿ ಅವರು ಮುಖ ಸಿಂಡರಿಸಿದರು. “ದೊಡ್ಡದಾಯ್ತು. ಅವನು ಇಷ್ಟು ದಪ್ಪ ಇರಲಿಲ್ಲ.”

“ಮತ್ತೆ ಧೂಳು ಹಾಕ್ಲಾ? ಇನ್ನೊಂದು ಸಲ ಮಾಡೋಣ.”

ಯೋಚಿಸಿದರು. “ಬೇಡ ಬಿಡು. ಇಷ್ಟು ವರ್ಷ ಆಯ್ತು, ಇದ್ದಿದ್ರೆ ದಪ್ಪ ಆಗಿರ್ತಿದ್ದ.”

ಪುಡಿಯ ಡಬ್ಬಿಯ ಮುಚ್ಚಳ ಹಾಕಿದೆ.

“ಅವನದ್ದು ಎಲ್ಲಿವರೆಗೆ ಬಂದಿದೆ?”

“ಎಡಗಡೆ ಮುಗಿದಿದೆ. ಬಲಗಡೆ ಏನೂ ಇಲ್ಲ.”

“ಏನ್ ಮಾಡ್ತೀಯ?”

“ಗೊತ್ತಿಲ್ಲ,” ಅಂದೆ. “ಒರೆಸಲ್ಲ.”

ಅವರು ಶೆಲ್ಫಿನ ಖಾಲಿ ಜಾಗ ತೋರಿಸಿದರು. ನಾನು ಟ್ಯಾಂಕನ್ನು ಅಡಿಯಿಂದ ಎತ್ತಿದೆ, ಧೂಳಿಗೆ ಬೆರಳು ತಾಗದ ಹಾಗೆ. ಚೀಟಿಯ ಮೇಲಿನಿಂದ ದಾಟಿಸಿ, ಬಲಭಾಗ ಹೊರಗೆ ಕಾಣುವಂತೆ ಇಟ್ಟೆ.

“ಸ್ವಲ್ಪ ಹಿಂದಕ್ಕೆ,” ಅಂದರು.

ಸ್ವಲ್ಪ ಹಿಂದಕ್ಕೆ ಇಟ್ಟೆ.